ಜನ ಸಂಪಾದಿಸುವ ಬಗೆ: ಸ್ಟುಟ್‌ಗಾರ್ಟಿಗೆ ಹೊಸದಾಗಿ ಬರುವವರಿಗೆ

ಜರ್ಮನಿಯ ಸ್ಟುಟ್‌ಗಾರ್ಟಿಗೆ ಕೆಲಸದ ಮೇಲೆ ಬರುವ ಕನ್ನಡಿಗರ ಪೆಟ್ಟಿಗೆ ಬಿಚ್ಚಿದರೆ ಅವರ ಮುಂದಾಲೋಚನೆಯನ್ನು ಮೆಚ್ಚಲೇಬೇಕು. ಕುಕ್ಕರಿಗೆ ಎರಡೆರಡು ಗ್ಯಾಸ್ಕೆಟ್, ಡಬ್ಬಗಟ್ಟಲೆ ಸಾರಿನ ಪುಡಿ, ಮಿಕ್ಸಿಯ ಜಾರ್, ನೆಗಡಿ ಜ್ವರದ ಮಾತ್ರೆ, ಎಲ್ಲವೂ ಇರುತ್ತವೆ. ಬಾಗಿಲು ಎಳೆದುಕೊಂಡು ಕೀಲಿಕೈ ಒಳಗೇ ಉಳಿದರೆ ಯಾರ ಮನೆಯ ಬೆಲ್ ಒತ್ತಬೇಕು, ಗಂಡ ಪ್ರವಾಸದಲ್ಲಿದ್ದಾಗ ಮಗುವಿಗೆ ಜ್ವರ ಏರಿದರೆ ಔಷಧದಂಗಡಿಗೆ ಯಾರು ಓಡುತ್ತಾರೆ ಎಂಬುದನ್ನು ಮಾತ್ರ ಯಾರೂ ಯೋಚಿಸಿಕೊಂಡು ಬಂದಿರುವುದಿಲ್ಲ. ಊರಿನಲ್ಲಿ ಅದನ್ನು ಯೋಚಿಸುವ ಅಗತ್ಯವೇ ಇರಲಿಲ್ಲವಲ್ಲ. ನಾವು ಹುಟ್ಟುವ ಮೊದಲೇ ಹಿರಿಯರು ಮಾಡಿಟ್ಟಿದ್ದ ವ್ಯವಸ್ಥೆ ಅದು.

ನಾನು ಸಾಗರದವಳು. ಗಂಡನ ಉದ್ಯೋಗದ ಬೆನ್ನಿಗೆ ಇಲ್ಲಿಗೆ ಬಂದೆ. ಈಗ ಬಡಗಿಯೊಬ್ಬರ ಕಾರ್ಯಾಗಾರದಲ್ಲಿ ಲೆಕ್ಕಪತ್ರ ನೋಡುತ್ತೇನೆ. ಹೊಸಬರು ಮನೆಗೆ ಊಟಕ್ಕೆ ಬಂದಾಗಲೆಲ್ಲ ಮಜ್ಜಿಗೆಯ ಹೊತ್ತಿಗೆ ಆ ಪ್ರಶ್ನೆ ಬಂದೇ ಬರುತ್ತದೆ: ‘ಅಕ್ಕಾ, ಈ ಜನ ಯಾಕೆ ಇಷ್ಟು ಬಿಗಿ?’ ನನ್ನ ಉತ್ತರವೂ ಬದಲಾಗಿಲ್ಲ. ಇವರಿಗೆ ನೆಪವಿಲ್ಲದೆ ಮಾತನಾಡುವುದು ಕಷ್ಟ. ಒಂದು ಕೆಲಸ, ಒಂದು ವಾರ, ಒಂದು ಹೊತ್ತು ಎಂದು ಗೊತ್ತಾಗಿಬಿಟ್ಟರೆ ಅದೇ ಜನ ವರ್ಷಗಟ್ಟಲೆ ನಿಮ್ಮ ಪಕ್ಕದಲ್ಲಿ ನಿಂತಿರುತ್ತಾರೆ. ಸ್ನೇಹಿತರನ್ನು ಹುಡುಕಲು ಹೋಗಬೇಡಿ, ಪಾಳಿ ಹುಡುಕಿ ಎನ್ನುತ್ತೇನೆ. ಪಾಳಿ ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು ಮುಂದೆ ಬರೆದಿದ್ದೇನೆ.

ಮೊದಲು ಮೆಟ್ಟಿಲು

ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮಾಲೀಕರು ಸಹಿ ಹಾಕಿದ ದೃಢೀಕರಣ ಪತ್ರ ಬೇಕು. ಅದನ್ನು ನಿಮ್ಮ ಕಂಪನಿಯವರೇ ಹೇಳಿಕೊಡುತ್ತಾರೆ. ಅವರು ಹೇಳದೇ ಬಿಡುವುದು ಬೆಲ್ಲಿನ ಮೇಲಿನ ಹೆಸರನ್ನು. ಇಲ್ಲಿನ ವಿಳಾಸದಲ್ಲಿ ಫ್ಲ್ಯಾಟ್ ಸಂಖ್ಯೆ ಇರುವುದೇ ಅಪರೂಪ. ಅಂಚೆಯವರು ಹೆಸರು ನೋಡಿ ಪತ್ರ ಹಾಕುತ್ತಾರೆ. ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೂತಿದ್ದರೆ ಬೆಲ್ಲಿನ ಮೇಲೂ ಅಂಚೆಪೆಟ್ಟಿಗೆಯ ಮೇಲೂ ಅದೇ ಇರಲಿ. ಗಂಡ ಹೆಂಡತಿಯ ಹೆಸರು ಬೇರೆ ಬೇರೆ ಇದ್ದರೆ ಎರಡನ್ನೂ ಹಾಕಿ. ಅಕ್ಕಪಕ್ಕದವರು ನಿಮ್ಮನ್ನು ಮೊದಲು ಓದುವುದು ಅಲ್ಲೇ.

ಹೊಸದಾಗಿ ಬಂದವರನ್ನು ನೆರೆಯವರು ತಾವಾಗಿ ಬಂದು ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಇಲ್ಲಿ ತಿರುಗುಮುರುಗು: ಬಂದವರೇ ಹೋಗಿ ಬಾಗಿಲು ತಟ್ಟಬೇಕು. ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಭಾನುವಾರ ಬೇಡ. ‘ಗ್ರೂಸ್ ಗಾಟ್’ ಎಂದು ಈ ಸೀಮೆಯ ನಮಸ್ಕಾರ ಹೇಳಿ, ಹೆಸರು ಹೇಳಿ, ಮೂರನೆಯ ಮಹಡಿ ಎನ್ನಿ, ಪುಟ್ಟ ಮಗುವಿದ್ದರೆ ಅದನ್ನೂ ಹೇಳಿ. ಅಷ್ಟು ಸಾಕು. ಒಳಗೆ ಕರೆಯುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಡಬ್ಬಿಯಲ್ಲಿ ಮೈಸೂರು ಪಾಕ್ ಹಿಡಿದುಕೊಂಡು ಹೋಗುವ ಉತ್ಸಾಹವನ್ನು ಎರಡನೆಯ ಭೇಟಿಗೆ ಉಳಿಸಿಕೊಳ್ಳಿ; ಮೊದಲ ದಿನವೇ ಉಡುಗೊರೆ ಬಂದರೆ ಇದಕ್ಕೆ ಪ್ರತಿಯಾಗಿ ಏನು ಕೊಡಬೇಕೋ ಎಂದು ಅವರು ತಲೆ ಕೆಡಿಸಿಕೊಳ್ಳುತ್ತಾರೆ.

ಮುಂದಿನ ಮಾತುಕತೆಯನ್ನು ಪಾರ್ಸೆಲ್ ನಡೆಸಿಕೊಡುತ್ತದೆ. ನೀವು ಮನೆಯಲ್ಲಿಲ್ಲದಾಗ ಪಾರ್ಸೆಲ್ ಪಕ್ಕದ ಮನೆಗೆ ಹೋಗುತ್ತದೆ, ಪೆಟ್ಟಿಗೆಯಲ್ಲಿ ಚೀಟಿ ಇರುತ್ತದೆ. ಹಗಲು ಮನೆಯಲ್ಲಿರುವವರು ಇಡೀ ಕಟ್ಟಡದ ಪಾರ್ಸೆಲ್‌ಗಳನ್ನು ಸಂತೋಷವಾಗಿ ತೆಗೆದುಕೊಳ್ಳಿ. ನನಗೆ ಜರ್ಮನ್ ಬಾರದ ಕಾಲದಲ್ಲಿ ನಮ್ಮ ಕಟ್ಟಡದ ಅರ್ಧ ಜನರ ಪರಿಚಯವಾದದ್ದು ಸಂಜೆ ಆರರ ನಂತರ ತಮ್ಮ ಪೆಟ್ಟಿಗೆ ಕೇಳಿಕೊಂಡು ಬಂದಾಗ.

ಇನ್ನು ಕೇರ್‌ವೋಖೆ. ಇದು ಶ್ವಾಬರ ನಾಡಿನ, ಅಂದರೆ ಸ್ಟುಟ್‌ಗಾರ್ಟ್ ಸುತ್ತಲಿನ ಈ ಸೀಮೆಯ ವಿಶೇಷ. ಜರ್ಮನಿಯ ಬೇರೆ ಭಾಗದವರು ಇದನ್ನು ಹೇಳಿಕೊಂಡು ನಗುತ್ತಾರೆ. ಗುಡಿಸುವ ವಾರ ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತದೆ. ಸಣ್ಣದು ನಿಮ್ಮ ಮಹಡಿಯ ಮೆಟ್ಟಿಲಿಗೆ, ದೊಡ್ಡದು ನೆಲಮಾಳಿಗೆ, ಅಂಗಳ ಮತ್ತು ರಸ್ತೆ ಬದಿಯ ಕಾಲುದಾರಿಗೆ. ನಿಮ್ಮ ವಾರ ಬಂತೆಂದರೆ ಬಾಗಿಲಿನ ಹಿಡಿಗೆ ಒಂದು ಪುಟ್ಟ ಫಲಕ ಬಂದು ನೇತಾಡುತ್ತದೆ. ಹೊಸಬರು ಇದನ್ನು ಶಿಕ್ಷೆ ಎಂದುಕೊಳ್ಳುತ್ತಾರೆ. ದುಡ್ಡು ಕೊಟ್ಟು ಕೆಲಸದವರನ್ನು ಇಡಬಹುದೇ ಎಂದು ನನ್ನನ್ನು ಕೇಳಿದವರಿದ್ದಾರೆ. ಇಡಬಹುದು. ಆದರೆ ಇಡೀ ಊರಿನಲ್ಲಿ ಪುಕ್ಕಟೆ ಸಿಗುವ ಅತ್ಯುತ್ತಮ ಪರಿಚಯಪತ್ರವನ್ನು ಕೈಯಾರೆ ಬಿಟ್ಟಂತಾಗುತ್ತದೆ.

ಮಾಡುವ ಕ್ರಮ ಇದು. ಶನಿವಾರ ಬೆಳಿಗ್ಗೆ, ಜನ ಓಡಾಡುವ ಹೊತ್ತಿನಲ್ಲಿ ಮಾಡಿ. ಮೇಲಿನಿಂದ ಕೆಳಕ್ಕೆ ಗುಡಿಸಿ, ಆಮೇಲೆ ಒರೆಸಿ. ಬಟ್ಟೆಯನ್ನು ಚೆನ್ನಾಗಿ ಹಿಂಡಿರಬೇಕು, ಮರದ ಮೆಟ್ಟಿಲಿನ ಮೇಲೆ ನೀರು ನಿಲ್ಲಬಾರದು. ಮೆಟ್ಟಿಲ ಬದಿಯ ಹಿಡಿಕಂಬಿಯನ್ನೂ ಕಿಟಕಿಯ ಕಟ್ಟೆಯನ್ನೂ ಒರೆಸಿ. ನಮ್ಮವರು ಮರೆಯುವುದು ಈ ಎರಡನ್ನೇ, ಅವರು ನೋಡುವುದೂ ಈ ಎರಡನ್ನೇ. ಕೆಳಮಹಡಿಯ ಅಜ್ಜಿ ನನ್ನೊಡನೆ ಆಡಿದ ಮೊದಲ ಉದ್ದದ ಮಾತು ಬಕೆಟ್ಟಿನ ಬಗ್ಗೆ. ಮೂಲೆಯ ಧೂಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಒಳ್ಳೆಯದು ಎಂದು ತಾನೇ ಒಂದನ್ನು ತಂದುಕೊಟ್ಟಳು. ಹೊಸಿಲು ಸಾರಿಸಿ ರಂಗೋಲಿ ಇಟ್ಟು ಬೆಳೆದವರಿಗೆ ಇದನ್ನು ಹೇಳಿಕೊಡಬೇಕೇ ಎಂದು ನನಗೆ ನಗು ಬಂತು. ಆದರೂ ಬ್ರಷ್ ತೆಗೆದುಕೊಂಡೆ. ಫಲಕವನ್ನು ಮುಂದಿನ ಮನೆಗೆ ದಾಟಿಸುವಾಗ ಸುಮ್ಮನೆ ನೇತುಹಾಕಿ ಬರಬೇಡಿ, ಬೆಲ್ ಒತ್ತಿ ಕೈಗೆ ಕೊಡಿ. ಇಂಥ ಕೆಲವು ದಾಟಿಸುವಿಕೆಗಳ ನಂತರ ನಿಮ್ಮ ಮನೆಯ ಹೆಚ್ಚುವರಿ ಕೀಲಿಕೈಯನ್ನು ಯಾರ ಬಳಿ ಇಡಬಹುದು ಎಂಬುದು ನಿಮಗೇ ಗೊತ್ತಾಗುತ್ತದೆ. ಇಲ್ಲಿನ ಬಾಗಿಲುಗಳು ಎಳೆದುಕೊಂಡರೆ ಹೊರಗಿನಿಂದ ತೆರೆಯುವುದಿಲ್ಲ; ರಾತ್ರಿ ಹೊತ್ತು ಬೀಗ ತೆಗೆಯುವವರನ್ನು ಕರೆಸಿದರೆ ನೂರಾರು ಯೂರೋ ಹೋಗುತ್ತದೆ.

ಸದ್ದಿನ ವಿಷಯ ಎರಡೇ ಮಾತು: ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮತ್ತು ಭಾನುವಾರ ಇಡೀ ದಿನ ನಿಶ್ಶಬ್ದ. ದೋಸೆಗೆ ಶನಿವಾರ ಸಂಜೆಯೇ ರುಬ್ಬಿಕೊಳ್ಳಿ.

ನಮ್ಮವರ ಬಳಗ

ಕನ್ನಡಿಗರ ವಾಟ್ಸಾಪ್ ಗುಂಪಿಗೆ ಮೊದಲ ವಾರದಲ್ಲೇ ಸೇರಿ. ಖಾಲಿಯಾಗುತ್ತಿರುವ ಮನೆ, ಇಂಗ್ಲಿಷ್ ಬಲ್ಲ ಮಕ್ಕಳ ವೈದ್ಯರು, ರಾಗಿ ಹಿಟ್ಟು ಸಿಗುವ ಅಂಗಡಿ, ಉಪಯೋಗಿಸಿದ ಮಂಚ, ಇವೆಲ್ಲ ಅಲ್ಲಿಂದಲೇ. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವಗಳಿಗೆ ಹೋಗಿ. ಹೋದಾಗ ಮಾತ್ರ ಊಟದ ಸಾಲಿನಲ್ಲಿ ನಿಂತು, ಉಂಡು, ಫೋಟೊ ತೆಗೆಸಿಕೊಂಡು ಬರಬೇಡಿ. ಒಂದು ದಿನ ಮೊದಲೇ ಫೋನ್ ಮಾಡಿ ತರಕಾರಿ ಹೆಚ್ಚಲು ಬರುತ್ತೇನೆ ಎನ್ನಿ. ಮೂವತ್ತು ಕಿಲೋ ಈರುಳ್ಳಿಯ ಮುಂದೆ ಕೂತವರ ನಡುವೆ ಬಹಳ ಹೊತ್ತು ಬಿಗುಮಾನ ಉಳಿಯುವುದಿಲ್ಲ.

ಒಂದು ಎಚ್ಚರಿಕೆ. ದಿನಸಿ ಅಂಗಡಿಯಲ್ಲಿ ಕನ್ನಡ ಕೇಳಿಸಿತೆಂದು ನಗುತ್ತಾ ಬಂದು ಫೋನ್ ನಂಬರ್ ಕೇಳಿ, ಎರಡನೆಯ ಭೇಟಿಯಲ್ಲೇ ‘ಹೆಚ್ಚುವರಿ ಆದಾಯದ ದಾರಿ’ಯನ್ನೋ ವಿಮೆಯನ್ನೋ ಮುಂದಿಡುವವರು ಇದ್ದಾರೆ. ನಮ್ಮವರೇ ಎಂಬ ದಾಕ್ಷಿಣ್ಯಕ್ಕೆ ಸಹಿ ಹಾಕಬೇಡಿ. ಈ ದೇಶದಲ್ಲಿ ಒಪ್ಪಂದಕ್ಕೆ ಒಮ್ಮೆ ಸಹಿ ಬಿದ್ದರೆ ಬಿಡಿಸಿಕೊಳ್ಳುವುದು ಸುಲಭವಲ್ಲ.

ಬಳಗ ಬೇಕೇ ಬೇಕು, ಅದೊಂದೇ ಸಾಲದು. ಬಳಗದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಹಾಗಾಗಿ ಎಲ್ಲರಿಗೂ ಗೊತ್ತಿರುವುದು ಅದೇ ಸುದ್ದಿ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಪ್ರಕಟಿಸಿದ ಲೇಖನ ಇದನ್ನೇ ಹೇಳುತ್ತದೆ. ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ಬಾಸ್ಟನ್ ಬಳಿ ಮಾತನಾಡಿಸಿ, ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ಕಾಣುತ್ತಿದ್ದಿರಿ ಎಂದು ಕೇಳಿದರು. ವಾರಕ್ಕೆ ಎರಡು ಸಲವಾದರೂ ಕಾಣುವವರಿಂದ ಸುದ್ದಿ ಬಂದದ್ದು ನೂರಕ್ಕೆ ಸುಮಾರು 17 ಮಂದಿಗೆ. ಆಗೊಮ್ಮೆ ಈಗೊಮ್ಮೆ ಕಾಣುವವರಿಂದ ಸುಮಾರು 56 ಮಂದಿಗೆ. ಉಳಿದವರಿಗೆ ಅದು ಬಂದದ್ದು ವರ್ಷಕ್ಕೊಮ್ಮೆಯೂ ಮುಖ ಕಾಣುವುದು ಅನುಮಾನ ಎನ್ನುವಂಥವರಿಂದ! ಆಪ್ತರು ಕೆಲಸಕ್ಕೆ ಬಾರದವರು ಎಂದು ಇದರ ಅರ್ಥವಲ್ಲ. ಜ್ವರ ಬಂದಾಗ ಗಂಜಿ ತರುವವರು ಅವರೇ. ಕೆಲಸ, ಶಾಲೆಯ ಸೀಟು ಮಾತ್ರ ದೂರದ ಪರಿಚಯದಿಂದ ಬರುತ್ತದೆ.

ಏಳು ಜನ ಸೇರಿದರೆ ಒಂದು ಸಂಘ

ಆ ದೂರದ ಪರಿಚಯಕ್ಕೆ ಜರ್ಮನಿಯಲ್ಲಿ ರಾಜಮಾರ್ಗವೇ ಇದೆ: ಫೆರಾಯ್ನ್, ಅಂದರೆ ಸಂಘ. ದೇಶದಲ್ಲಿ ನೋಂದಾಯಿತ ಸಂಘಗಳೇ ಆರು ಲಕ್ಷ ಇವೆ. ಏಳು ಜನ ಸದಸ್ಯರಿದ್ದರೆ ನ್ಯಾಯಾಲಯದಲ್ಲಿ ನೋಂದಾಯಿಸಬಹುದು. ಚೆಂಡಾಟ, ಹಾಡು, ಜೇನು ಸಾಕಣೆ, ಮೊಲ ಸಾಕಣೆ, ಚದುರಂಗ, ಹಳೆಯ ಟ್ರಾಮ್‌ಗಳ ಆರೈಕೆ, ಯಾವುದಕ್ಕೆ ಬೇಕಾದರೂ ಒಂದು ಸಂಘ, ಅದಕ್ಕೊಬ್ಬ ಖಜಾಂಚಿ, ವರ್ಷಕ್ಕೊಂದು ಸಭೆ. ನಮ್ಮ ಕಡೆಯ ಗಣೇಶೋತ್ಸವ ಸಮಿತಿ ವರ್ಷವಿಡೀ ನಡೆದು ರಸೀದಿಯನ್ನೂ ಸರಿಯಾಗಿ ಇಟ್ಟರೆ ಹೇಗಿರಬಹುದೋ ಹಾಗೆ.

ಯಾವುದಕ್ಕೆ ಸೇರಬೇಕು? ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಬೇಕು, ವಾರಕ್ಕೊಮ್ಮೆ ಸೇರುವಂಥದ್ದಾಗಿರಬೇಕು, ಮಾತು ಕಡಿಮೆ ಇದ್ದರೂ ನಡೆಯುವಂಥದ್ದಾಗಿರಬೇಕು. ನಾನು ಹಾಡುವವರ ಸಂಘಕ್ಕೆ ಹೋದೆ. ಚಿಕ್ಕಂದಿನಲ್ಲಿ ದೇವರನಾಮ ಕಲಿತದ್ದು ಬಿಟ್ಟರೆ ಬೇರೆ ಬಂಡವಾಳ ಇರಲಿಲ್ಲ. ನಾಲ್ಕು ಗುಂಪಿನವರು ಒಟ್ಟಿಗೇ ನಾಲ್ಕು ಬೇರೆ ಬೇರೆ ಸ್ವರ ಹಾಡುವುದನ್ನು ಕೇಳಿ ಮೊದಲು ಯಾರೋ ತಪ್ಪಿದ್ದಾರೆ ಎಂದುಕೊಂಡೆ; ಶ್ರುತಿ ಹಿಡಿದು ಒಂದೇ ಎಳೆಯಲ್ಲಿ ಹಾಡಿ ಅಭ್ಯಾಸವಾದ ಕಿವಿ. ಪಕ್ಕದಲ್ಲಿ ಕೂತ ಹೆಂಗಸು ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾ ಹೋದಳು. ಅವಳಿಗೂ ನನಗೂ ನಡುವೆ ಬಹುಕಾಲ ಇದ್ದದ್ದು ಆ ಬೆರಳು ಮಾತ್ರ.

ಅಭ್ಯಾಸ ಮುಗಿದ ತಕ್ಷಣ ಮನೆಗೆ ಓಡಬೇಡಿ. ಅವರೆಲ್ಲ ಪಕ್ಕದ ಹೋಟೆಲಿಗೆ ಹೋಗಿ ಒಂದು ಗಂಟೆ ಕೂರುತ್ತಾರೆ. ಬಿಯರ್ ಕುಡಿಯಲೇಬೇಕೆಂದಿಲ್ಲ, ಸೇಬಿನ ರಸಕ್ಕೆ ಸೋಡಾ ಬೆರೆಸಿ ಕೊಡುತ್ತಾರೆ, ಅದನ್ನು ಹಿಡಿದು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಎಲ್ಲ ವಿಷಯವೂ ಹೊರಬರುವುದು ಆ ಒಂದು ಗಂಟೆಯಲ್ಲಿ. ನನ್ನ ಕೆಲಸವೂ ಅಲ್ಲೇ ಹುಟ್ಟಿತು: ಯಾರದ್ದೋ ಭಾವನ ಕಾರ್ಯಾಗಾರದಲ್ಲಿ ಲೆಕ್ಕ ಬರೆಯುತ್ತಿದ್ದವರು ನಿವೃತ್ತರಾಗಿದ್ದರು. ಜಾಹೀರಾತು ಹಾಕುವ ಮೊದಲೇ ನಾನು ಹೋಗಿ ಮಾತನಾಡಿದೆ. ಬಾಸ್ಟನ್ನಿನ ಲೆಕ್ಕ ಮರದ ಹೊಟ್ಟಿನ ನಡುವೆಯೂ ಸರಿಯಾಗಿಯೇ ಬಂತು.

ಹಾಡು ಬೇಡವೆಂದರೆ ನಡಿಗೆ ಇದೆ. ಪಕ್ಕದ ಪ್ಲೋಖಿಂಗನ್ ಊರಿನಲ್ಲಿ 1888ರಲ್ಲಿ ಶುರುವಾದ ಶ್ವೇಬಿಷರ್ ಆಲ್ಬ್‌ಫೆರಾಯ್ನ್‌ಗೆ ಊರೂರಿನಲ್ಲೂ ಶಾಖೆಗಳಿವೆ. ಗುಡ್ಡದ ಕಾಲುದಾರಿಗಳಿಗೆ ಗುರುತು ಹಚ್ಚಿ ಕಾಪಾಡುವವರು ಇವರೇ. ಅತಿಥಿಯಾಗಿ ಒಮ್ಮೆ ಹೋಗಿ ನೋಡಬಹುದು. ಹೆಚ್ಚಿನವರು ನಿವೃತ್ತರು, ಯುವಕರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ನಿವೃತ್ತರಿಗೆ ಸಮಯವಿದೆ, ನಿಧಾನವಾಗಿ ಮಾತನಾಡುವ ತಾಳ್ಮೆಯಿದೆ, ಅಜ್ಜ ಅಜ್ಜಿ ದೂರವಾದ ನಿಮ್ಮ ಮಕ್ಕಳ ಮೇಲೆ ಅಕ್ಕರೆಯಿದೆ. ಇನ್ನೇನು ಬೇಕು?

ಸಂಘ ಯಾವುದೇ ಇರಲಿ, ವರ್ಷಕ್ಕೊಂದು ಹಬ್ಬ ಇದ್ದೇ ಇರುತ್ತದೆ. ಇಲ್ಲಿ ಅದನ್ನು ಹೊಕೆಟ್ಸೆ ಎನ್ನುತ್ತಾರೆ: ಬೀದಿಯಲ್ಲಿ ಉದ್ದುದ್ದ ಮೇಜು ಬೆಂಚು ಹಾಕಿ ಕೂರುವುದು. ಅದಕ್ಕೆ ಕೆಲವು ವಾರ ಮೊದಲು ಸಹಾಯಕರ ಪಟ್ಟಿ ಕೈಯಿಂದ ಕೈಗೆ ತಿರುಗುತ್ತದೆ. ಮೇಜು ಹಾಕುವುದು, ಕೇಕಿನ ಅಂಗಡಿ, ಪಾತ್ರೆ ತೊಳೆಯುವುದು, ಎಲ್ಲ ಮುಗಿದ ಮೇಲೆ ಬಿಚ್ಚಿ ಕಟ್ಟುವುದು, ಹೀಗೆ ಖಾನೆಗಳು. ನಮ್ಮವರು ಸಮೋಸ ಮಾಡಿ ತರುತ್ತೇವೆ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಸಮೋಸ ಕ್ಷಣದಲ್ಲಿ ಖಾಲಿಯಾಗುತ್ತದೆ, ತಂದವರು ಯಾರೆಂದು ಯಾರಿಗೂ ನೆನಪಿರುವುದಿಲ್ಲ. ನೀವು ಕೊನೆಯ ಖಾನೆಯಲ್ಲಿ ಹೆಸರು ಬರೆಯಿರಿ. ಅದು ಯಾವಾಗಲೂ ಖಾಲಿ ಇರುತ್ತದೆ. ರಾತ್ರಿ ಬೆಂಚುಗಳನ್ನು ಮಡಚಿ ವ್ಯಾನಿಗೆ ಏರಿಸಿದ ಮೇಲೆ ಉಳಿಯುವವರು ಹತ್ತು ಹನ್ನೆರಡು ಮಂದಿ. ಉಳಿದ ಬ್ರೆಡ್ಡು, ಆಲೂಗಡ್ಡೆ ಸಲಾಡ್ ಹಂಚಿಕೊಂಡು ನಿಂತೇ ತಿನ್ನುತ್ತಾರೆ. ಸಂಘ ನಡೆಸುವವರು ಅವರೇ. ‘ನೀವು’ ಬಿಟ್ಟು ‘ನೀನು’ ಎನ್ನೋಣ ಎಂದು ಹಿರಿಯರು ಪ್ರಸ್ತಾಪಿಸುವುದೂ ಇಂಥ ಹೊತ್ತಿನಲ್ಲೇ. ನೀವಾಗಿ ಮೊದಲು ಹೇಳಬೇಡಿ.

ಕೈತೋಟದ ಹಂಬಲವಿದ್ದವರು ತೋಟದ ಸಂಘದ ಕಾಯುವ ಪಟ್ಟಿಗೆ ಇಂದೇ ಹೆಸರು ಕೊಡಿ, ವರ್ಷಗಳೇ ಹಿಡಿಯುತ್ತವೆ. ಒಂದು ತುಂಡು ನೆಲ 400 ಚದರ ಮೀಟರ್ ಮೀರಬಾರದು ಎಂಬುದು 1983ರ ಕಾನೂನು. ಒಂದು ಭಾಗದಲ್ಲಿ ತರಕಾರಿ, ಹಣ್ಣು ಬೆಳೆಯಲೇಬೇಕು, ಬರೀ ಹುಲ್ಲುಹಾಸು ಮಾಡಿ ಕುರ್ಚಿ ಹಾಕಿಕೊಂಡು ಕೂರುವಂತಿಲ್ಲ. ಹರಿವೆ, ಮೆಂತ್ಯ ಬೇಸಿಗೆಯಲ್ಲಿ ಸೊಗಸಾಗಿ ಬರುತ್ತವೆ. ಸಾಮೂಹಿಕ ಕೆಲಸದ ಗಂಟೆಗಳೂ ಇರುತ್ತವೆ, ತಪ್ಪಿಸಿಕೊಂಡರೆ ದುಡ್ಡು ಕಟ್ಟಬೇಕು. ದುಡ್ಡು ಕಟ್ಟಬೇಡಿ, ಹೋಗಿ.

ಭಾಷೆ, ಮತ್ತು ಮಾತಿಗೆ ವಿಷಯ

ಮೊಬೈಲ್ ಆ್ಯಪಿನಲ್ಲಿ ಕಲಿತ ಜರ್ಮನ್‌ಗೆ ಮುಖ ಇರುವುದಿಲ್ಲ. ಫೋಲ್ಕ್ಸ್‌ಹೋಖ್‌ಶೂಲೆ ಎಂಬ ಸಾರ್ವಜನಿಕ ಕಲಿಕಾ ಕೇಂದ್ರದ ತರಗತಿಗೆ ಸೇರಿ. ವಲಸೆ ಬಂದವರಿಗಾಗಿ ಇರುವ ಸರ್ಕಾರದ ಏಕೀಕರಣ (ಇಂಟಿಗ್ರೇಷನ್) ಕೋರ್ಸ್ ಆದರೆ ಭಾಷೆಗೆ 600 ಪಾಠ, ದೇಶದ ಪರಿಚಯಕ್ಕೆ 100. ಒಂದೊಂದು 45 ನಿಮಿಷ. ಅಷ್ಟು ಪಾಠಗಳನ್ನು ಯಾರ ಪಕ್ಕ ಕೂತು ಕಲಿಯುತ್ತೀರೋ ಅವರು ಗೆಳೆಯರಾಗದೆ ಇರುವುದು ಕಷ್ಟ. ಸಿರಿಯಾದ ದಂತವೈದ್ಯೆ, ಉಕ್ರೇನಿನ ಶಿಕ್ಷಕಿ, ಬ್ರೆಜಿಲ್ಲಿನ ಅಡುಗೆಯವ, ಎಲ್ಲರ ಜರ್ಮನ್ನೂ ನಿಮ್ಮಷ್ಟೇ ಹರಕು. ಈ ನಗರದಲ್ಲಿ ಸುಮಾರು ಅರ್ಧ ಜನ ವಲಸೆ ಬಂದವರು ಅಥವಾ ಅವರ ಮಕ್ಕಳು. ಇಟಲಿಯೊಂದಿಗೆ 1955ರಲ್ಲಿ, ಟರ್ಕಿಯೊಂದಿಗೆ 1961ರಲ್ಲಿ ಜರ್ಮನಿ ಕಾರ್ಮಿಕರಿಗಾಗಿ ಒಪ್ಪಂದ ಮಾಡಿಕೊಂಡಿತು. ಆಗ ಬಂದವರ ಮೊಮ್ಮಕ್ಕಳು ಇಂದು ನಿಮಗೆ ಕೊತ್ತಂಬರಿ ಸೊಪ್ಪು ಮಾರುತ್ತಾರೆ, ನಿಮ್ಮ ವಿಳಾಸ ನೋಂದಾಯಿಸುತ್ತಾರೆ, ನಿಮ್ಮ ಹಲ್ಲು ಕೀಳುತ್ತಾರೆ. ದಾರಿ ಕೇಳಲು ಇವರಿಗಿಂತ ಒಳ್ಳೆಯವರಿಲ್ಲ. ಟರ್ಕಿಯವರ ಅಂಗಡಿಗೆ ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ.

ಏನು ಮಾತನಾಡುವುದು ಎಂದು ಕೇಳುವವರಿಗೆ ನನ್ನ ಬಳಿ ಒಂದು ಸಿದ್ಧ ಸರಕು ಇದೆ. ಸ್ಟುಟ್‌ಗಾರ್ಟಿನ ಉತ್ತರಕ್ಕೆ ಬ್ರಾಕನ್‌ಹೈಮ್ ಎಂಬ ದ್ರಾಕ್ಷಿ ತೋಟಗಳ ಊರಿದೆ. ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಪತಿ ಥಿಯೊಡೋರ್ ಹೊಯ್ಸ್ ಹುಟ್ಟಿದ್ದು ಅಲ್ಲಿ ಎಂದು ಇವರಿಗೆಲ್ಲ ಗೊತ್ತು. 1811ರಲ್ಲಿ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದೂ ಅಲ್ಲೇ, ಆತ ಬಾಸೆಲ್ ಮಿಷನ್ ಮೂಲಕ ಮಂಗಳೂರಿಗೆ ಬಂದು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ, ಕೊನೆಗೆ ನಮ್ಮ ಪಕ್ಕದ ಎಸ್ಲಿಂಗನ್‌ನಲ್ಲಿ ತೀರಿಕೊಂಡ ಎಂದರೆ ಬಾಯಿ ಬಿಟ್ಟು ಕೇಳುತ್ತಾರೆ. 1894ರ ಕನ್ನಡ ನಿಘಂಟಿನ ಕಿಟೆಲ್ ಕೊನೆಯುಸಿರೆಳೆದದ್ದು ಇಲ್ಲಿನ ಟ್ಯೂಬಿಂಗನ್‌ನಲ್ಲಿ. ‘ನಿಮ್ಮೂರಿನವರು ಬಂದು ನಮ್ಮ ಭಾಷೆ ಕಲಿತರು, ಈಗ ನಾನು ಬಂದಿದ್ದೇನೆ, ಸ್ವಲ್ಪ ನಿಧಾನವಾಗಿ ಮಾತನಾಡಿ’ ಎಂದು ಕೆಳಮಹಡಿಯ ಅಜ್ಜಿಗೆ ಹೇಳಿದೆ. ಅವಳು ಮರುದಿನವೇ ಮಗಳಿಗೆ ಫೋನ್ ಮಾಡಿ ಈ ಕತೆ ಹೇಳಿದಳಂತೆ.

ಅಪರಿಚಿತರೊಡನೆ ಕೂರುವ ಅಭ್ಯಾಸಕ್ಕೆ ಬೇಸನ್ ಒಳ್ಳೆಯ ಜಾಗ. ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ನಾಲ್ಕು ತಿಂಗಳು ಮೀರದಂತೆ, ನಲವತ್ತು ಆಸನ ಮೀರದಂತೆ ತೆರೆಯುವ ಮನೆಹೋಟೆಲು ಇದು. ತೆರೆದಿದೆ ಎಂಬುದಕ್ಕೆ ಹೊರಗೆ ಪೊರಕೆ ಕಟ್ಟಿರುತ್ತಾರೆ. ಇರುವುದೇ ಕೆಲವು ಉದ್ದ ಮೇಜು, ಇಕ್ಕಟ್ಟಾಗಿ ಕೂರಲೇಬೇಕು. ಜಾಗ ಇದೆಯೇ ಎಂದು ಕೇಳಿ ಕೂತುಬಿಡಿ. ಸಸ್ಯಾಹಾರಿಗಳಿಗೆ ಬ್ರೆಡ್ಡು, ಚೀಸ್ ಸಿಗುತ್ತದೆ.

ಎಲ್ಲರೂ ಒಲಿಯುತ್ತಾರೆಂದು ನಾನು ಹೇಳುವುದಿಲ್ಲ. ಮೆಟ್ಟಿಲಲ್ಲಿ ಎದುರಾದಾಗ ಗೋಡೆ ನೋಡುವವರು ಕೊನೆಯವರೆಗೂ ಗೋಡೆಯನ್ನೇ ನೋಡುತ್ತಾರೆ. ಕೆಲವರಿಗೆ ನಿಮ್ಮ ಮೈಬಣ್ಣವೇ ಆಗದು. ಅವರಿಗಾಗಿ ವ್ಯಾಕರಣ ತಿದ್ದಿಕೊಳ್ಳುತ್ತಾ ಕೂರಬೇಡಿ.

ಕಚೇರಿ, ಶಾಲೆ, ಕೊನೆಗೆ ಮನೆ

ಕಚೇರಿಯಲ್ಲಿ ಹುಟ್ಟುಹಬ್ಬದವರೇ ಕೇಕ್ ತರಬೇಕು, ಯಾರೋ ತಂದು ಅಚ್ಚರಿಪಡಿಸುತ್ತಾರೆಂದು ಕಾಯಬೇಡಿ. ಹಾಗೆಯೇ ಯಾರಿಗೂ ಒಂದು ದಿನ ಮುಂಚಿತವಾಗಿ ಶುಭಾಶಯ ಹೇಳಬೇಡಿ, ಅದನ್ನು ಅಪಶಕುನ ಎನ್ನುತ್ತಾರೆ. ಮಧ್ಯಾಹ್ನ ಊಟಕ್ಕೆ ಗುಂಪು ಹೊರಟಾಗ ಡಬ್ಬಿ ಹಿಡಿದಾದರೂ ಜೊತೆಗೆ ಹೋಗಿ.

ಮಕ್ಕಳಿದ್ದರೆ ಶಾಲೆಯ ಪೋಷಕರ ಸಂಜೆಗೆ ತಪ್ಪದೆ ಹೋಗಿ. ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ದೊಡ್ಡವರು ಮುದುಡಿ ಕೂತಿರುತ್ತಾರೆ. ತರಗತಿಗೆ ಪೋಷಕರ ಪ್ರತಿನಿಧಿ ಯಾರಾಗುತ್ತೀರಿ ಎಂದು ಕೇಳಿದ ಕ್ಷಣ ಎಲ್ಲರೂ ತಮ್ಮ ಬೂಟುಗಳನ್ನು ನೋಡಿಕೊಳ್ಳುತ್ತಾರೆ. ಉಪಪ್ರತಿನಿಧಿಯ ಸ್ಥಾನಕ್ಕೆ ಕೈ ಎತ್ತಿಬಿಡಿ. ಕೆಲಸ ಹೆಚ್ಚಿಲ್ಲ, ಭಾಷೆ ಅರ್ಧಂಬರ್ಧ ಇದ್ದರೂ ನಡೆಯುತ್ತದೆ, ಎಲ್ಲ ಪೋಷಕರ ಫೋನ್ ನಂಬರ್ ನಿಮ್ಮ ಕೈಗೆ ಬರುತ್ತದೆ.

ಕೊನೆಗೆ ಮನೆಗೆ ಕರೆಯುವುದು. ‘ಒಂದು ದಿನ ಬನ್ನಿ’ ಎಂದರೆ ಇವರು ಬರುವುದಿಲ್ಲ, ಅದು ಕರೆಯೇ ಅಲ್ಲ ಎಂದುಕೊಳ್ಳುತ್ತಾರೆ. ಮೂರು ವಾರ ಮೊದಲು ತಾರೀಖು, ಗಂಟೆ ಹೇಳಿ. ನಾಲ್ಕಕ್ಕೆ ಎಂದರೆ ನಾಲ್ಕಕ್ಕೇ ಬಂದು ನಿಲ್ಲುತ್ತಾರೆ, ಆಗ ನೀವು ಸ್ನಾನದಲ್ಲಿರಬಾರದು. ಏನನ್ನು ತಿನ್ನುವುದಿಲ್ಲ ಎಂದು ಮೊದಲೇ ಕೇಳಿ. ಬಡಿಸಿದ್ದು ಸಾಕು ಎಂದರೆ ಸಾಕು ಎಂದೇ ಅರ್ಥ, ಒತ್ತಾಯ ಮಾಡಿ ಹಾಕಬೇಡಿ. ಹನ್ನೆರಡು ಬಗೆ ಮಾಡಿ ಸುಸ್ತಾಗುವ ಬದಲು ದೋಸೆ ಮಾಡಿ: ಬಿಸಿಬಿಸಿ ಹುಯ್ಯಲೇಬೇಕಾದ್ದರಿಂದ ನೀವು ಒಲೆಯ ಮುಂದೆ, ಅವರೂ ತಟ್ಟೆ ಹಿಡಿದು ಅಡುಗೆಮನೆಗೇ ಬರುತ್ತಾರೆ, ತಾವೂ ಒಂದು ಹುಯ್ದು ನೋಡುತ್ತೇವೆ ಎನ್ನುತ್ತಾರೆ. ಸೌಟು ಕೊಟ್ಟುಬಿಡಿ, ವಕ್ರವಾಗಿ ಬಂದರೂ ಅವರೇ ತಿನ್ನುತ್ತಾರೆ. ಉಂಡ ಮೇಲೆ ಪಾತ್ರೆ ತೊಳೆದುಕೊಡಲೇ ಎಂದು ಕೇಳಿದರೆ ಅತಿಥಿ ದೇವರೆಂದು ತಡೆಯಬೇಡಿ, ಒರೆಸುವ ಬಟ್ಟೆಯನ್ನು ಕೈಗೆ ಕೊಡಿ. ಕಾವಲಿಯನ್ನು ಮಾತ್ರ ಮೊದಲೇ ಎತ್ತಿಟ್ಟುಕೊಳ್ಳಿ, ಅದಕ್ಕೆ ಸೋಪು ಹಾಕಿ ಉಜ್ಜಿಬಿಟ್ಟಾರು.